ಕಣ್ಣಾರೆ ಕಂಡಿದೆ

ಎಣಿಕೆಯಕ್ಕ ಗಲ್ಲಿಗೆ ಕಾಲಿಟ್ಟರೆ ಸತ್ತವರೂ ಎದ್ದು ಕೂರುತ್ತಾರೆ ಎಂದು ಮೊದಲು ಹೇಳಿದವನು ಬೇಕರಿಯವನು. ಹಿಟ್ಟಿಲ್ಲದೆ ಅವನ ಒಲೆ ಆರಿ ವರ್ಷವಾಗಿತ್ತು. ಕೈಗೆ ಕೆಲಸವಿಲ್ಲದವನ ನಾಲಿಗೆಗಾದರೂ ಒಂದು ಕೆಲಸ ಬೇಕಲ್ಲ. ಗಲ್ಲಿಯವರೆಲ್ಲ ನಕ್ಕರು. ಎಣಿಕೆಯಕ್ಕನೂ ನಕ್ಕಳು. ನಗದೆ ಇನ್ನೇನು ಮಾಡುತ್ತಾಳೆ ಹೇಳಿ, ಅವಳ ಮನೆಯಲ್ಲೂ ಒಬ್ಬರು ಹಾಗೆ ಎದ್ದು ಕೂತಿದ್ದರು.

ಅವಳಿಗೆ ಧಾನ್ಯ ಹಂಚುವ ಕಚೇರಿಯಲ್ಲಿ ಕೆಲಸ. ಕೊರತೆ ಶುರುವಾದ ವರ್ಷ ಪ್ರತಿ ಮನೆಗೂ ನಂಬರು ಹಾಕಿದ ಒಂದೊಂದು ಚೀಟಿ ಕೊಟ್ಟಿದ್ದರು. ಚೀಟಿಯಲ್ಲಿ ಎಷ್ಟು ತಲೆಯೋ ವಾರಕ್ಕೆ ಅಷ್ಟು ಡಬ್ಬಿ ಧಾನ್ಯ. ಮಂಗಳವಾರ ಕಚೇರಿಯ ಕಿಟಕಿಯಲ್ಲಿ ಕೂತು ಅಳೆದುಕೊಡುವವಳೂ ಅವಳೇ, ತಿಂಗಳ ಮೊದಲ ವಾರ ದಪ್ಪ ರಿಜಿಸ್ಟರನ್ನು ಕಂಕುಳಲ್ಲಿ ಇರುಕಿಕೊಂಡು ಮನೆಮನೆಗೆ ಹೋಗಿ ತಲೆ ಎಣಿಸುವವಳೂ ಅವಳೇ. ಎದುರಿಗೆ ಕಂಡ ತಲೆಗೆ ಕೆಂಪು ಪೆನ್ಸಿಲಿನಲ್ಲಿ ಒಂದು ಗೀಟು ಹಾಕಿ, ಪಕ್ಕದಲ್ಲಿ ‘ಕಣ್ಣಾರೆ ಕಂಡಿದೆ’ ಎಂದು ಬರೆಯಬೇಕು. ಕಾಣದವರಿಗೆ ‘ವಾಸವಿಲ್ಲ’. ವಾಸವಿಲ್ಲ ಅನ್ನಿಸಿಕೊಂಡವರು ಮತ್ತೆ ಪಟ್ಟಿಗೆ ಸೇರಬೇಕಾದರೆ ಇವರು ಇಂಥವರೇ ಎಂದು ಇಬ್ಬರು ನೆರೆಯವರು ಸಹಿ ಹಾಕಬೇಕು. ಸತ್ತವರ ಹೆಸರು ತೆಗೆಯುವುದಕ್ಕೂ ಹೆಣ ನೋಡಿದ ಇಬ್ಬರ ಸಹಿ ಬೇಕು. ಕಾನೂನು ಇಷ್ಟೇ, ಮಗ್ಗಿಗಿಂತ ಸುಲಭ.

ಆ ಗಲ್ಲಿ ಮೊದಲು ಹೀಗಿರಲಿಲ್ಲ. ಮನೆಗಳೇನೋ ಬೆಂಕಿಪೊಟ್ಟಣದಂಥವೇ, ಒಂದರ ಬೆನ್ನಿಗೆ ಒಂದು ಅಂಟಿಕೊಂಡವು. ಹಿತ್ತಲ ಮೋಟುಗೋಡೆಯ ಮೇಲಿಂದ ಒಂದು ಲೋಟ ಹಿಟ್ಟು, ಒಂದು ಚಿಟಿಕೆ ಉಪ್ಪು ಈ ಕೈಯಿಂದ ಆ ಕೈಗೆ ಹೋಗುತ್ತಲೇ ಇರುತ್ತಿದ್ದವು. ತಿರುಗಿ ಕೊಟ್ಟರೆ ಕೊಟ್ಟರು, ಇಲ್ಲದಿದ್ದರೆ ಇಲ್ಲ. ಅವಳದೂ ಅಲ್ಲೇ ಒಂದು ಮನೆ, ಆಗ ಅವಳು ಎಲ್ಲರಿಗೂ ಬರೀ ಅಕ್ಕ. ಕೊರತೆ ಬಂದು ಆರು ತಿಂಗಳಾಗುವಷ್ಟರಲ್ಲಿ ಮೋಟುಗೋಡೆಗಳ ಮೇಲೆ ಗಾಜಿನ ಚೂರು ನೆಟ್ಟರು. ಬೇಯುವ ವಾಸನೆ ಆಚೆ ಹೋಗಬಾರದೆಂದು ಕಿಟಕಿಯ ಸಂದಿಗೆ ಹಳೆ ಬಟ್ಟೆ ತುರುಕಿದರು. ಯಾರ ಮನೆಯಲ್ಲಿ ಹೊಗೆ ಎದ್ದಿತು, ಎಷ್ಟು ಹೊತ್ತು ಎದ್ದಿತು, ಎರಡು ಡಬ್ಬಿಯವರಿಗೆ ಅಷ್ಟು ಹೊತ್ತು ಬೇಯಿಸುವುದಕ್ಕೆ ಏನಿತ್ತು, ಬಾಯಿಬಿಟ್ಟರೆ ಇದೇ ಮಾತು. ಅಕ್ಕ ಹೋಗಿ ಎದುರಿಗೆ ಮೇಡಂ ಆದಳು, ಬೆನ್ನ ಹಿಂದೆ ಎಣಿಕೆಯಕ್ಕ ಆದಳು. ಮೇಡಂ ಅಂತ ಕರೆಸಿಕೊಂಡ ಮೊದಲ ದಿನ ಅವಳು ಮನೆಗೆ ಬಂದು ಸುಮ್ಮನೆ ಅತ್ತಿದ್ದಳು.

ಎಣಿಸಲು ಹೋದಾಗ ಕೆಲವು ಮನೆಗಳಲ್ಲಿ ಒಂದು ತಲೆ ಕಡಿಮೆ ಇರುತ್ತಿತ್ತು. ಕೇಳಿದರೆ ಒಂದೇ ಉತ್ತರ, ಈಗಷ್ಟೇ ಹೊರಗೆ ಹೋದ್ರು. ಎಂಬತ್ತು ದಾಟಿದ, ಕೋಲಿಲ್ಲದೆ ಬಚ್ಚಲಿಗೂ ಹೋಗಲಾಗದ ಮುದುಕರೆಲ್ಲ ಅವಳು ಬರುವ ಹೊತ್ತಿಗೆ ಸರಿಯಾಗಿ ಈಗಷ್ಟೇ ಹೊರಗೆ ಹೋಗಿರುತ್ತಿದ್ದರು. ಹೊಲಿಗೆಯಮ್ಮನ ಅಪ್ಪ ತೀರಿಕೊಂಡಾಗ ಎಣಿಕೆಯಕ್ಕನೇ ಹೋಗಿ ಕೂತು ಸಮಾಧಾನ ಹೇಳಿ ಬಂದಿದ್ದಳು. ಮರುತಿಂಗಳು ಅದೇ ಹೊಲಿಗೆಯಮ್ಮ, ಅಪ್ಪ ಈಗಷ್ಟೇ ಹೊರಗೆ ಹೋದ್ರು ಮೇಡಂ ಅಂದಳು. ಎಣಿಕೆಯಕ್ಕ ಅವಳ ಮುಖ ನೋಡದೆ ಗೀಟು ಹಾಕಿದಳು. ಹಸಿದ ಮನೆಯಲ್ಲಿ ಸತ್ತವರು ಮಾತ್ರ ಕೇಳದೆ ತಮ್ಮ ಪಾಲು ಬಿಟ್ಟುಕೊಡುತ್ತಾರೆ. ಅದನ್ನೂ ಕಿತ್ತುಕೊಳ್ಳುವಷ್ಟು ಕಲ್ಲೆದೆ ಅವಳದಲ್ಲ.

ಮೇಲಿನವರೇನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿರುತ್ತಾರೆಯೇ? ಇನ್ನು ಮುಂದೆ ಹೊರಗೆ ಹೋದವರ ಲೆಕ್ಕ ಇಲ್ಲ, ತಲೆ ಎದುರಿಗೇ ಕಾಣಬೇಕು ಎಂದು ಆಜ್ಞೆ ಬಂತು. ಆಗ ಶುರುವಾಯಿತು ನೋಡಿ, ಗಡಿಯಾರದಜ್ಜನ ಓಡಾಟ.

ಅಜ್ಜ ಗಲ್ಲಿಯ ಕೊನೆಯ ಕೋಣೆಯವನು. ನಲವತ್ತೊಂದನೇ ಚೀಟಿ, ಒಂಟಿ ತಲೆ. ಗಡಿಯಾರ ರಿಪೇರಿಯಲ್ಲೇ ಜನ್ಮ ಸವೆಸಿದವನು. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಹಲ್ಲುಚಕ್ರ ನೋಡಿ ನೋಡಿ, ಅದು ಇಲ್ಲದಾಗಲೂ ಎಡಗಣ್ಣು ಮುಚ್ಚಿಯೇ ಎದುರಿನವರನ್ನು ನೋಡುವ ಅಭ್ಯಾಸವಾಗಿತ್ತು. ಊಟಕ್ಕೇ ತತ್ವಾರವಾದ ಕಾಲದಲ್ಲಿ ಹೊತ್ತು ಎಷ್ಟಾಯಿತೆಂದು ಯಾರಿಗೆ ಬೇಕು, ಅವನ ಅಂಗಡಿ ಮುಚ್ಚಿತ್ತು. ಆ ತಿಂಗಳು ಎಣಿಕೆಯಕ್ಕ ಹೋದಾಗ ಅವನು ಹೊಲಿಗೆಯಮ್ಮನ ಮನೆಯಲ್ಲಿ ಕಂಬಳಿ ಹೊದ್ದು ಅವಳ ಅಪ್ಪನಾಗಿದ್ದ. ಬೇಕರಿಯವನ ಮನೆಗೆ ಹೋದರೆ ತಲೆಗೆ ಟವಲು ಸುತ್ತಿ ಅವನ ಚಿಕ್ಕಪ್ಪನಾಗಿದ್ದ. ಮೂಲೆಮನೆ ಕಂಡಕ್ಟರನಲ್ಲಿ ಅವನ ಮಾವನಾಗಿ ಗೋಡೆಗೆ ಮುಖ ಮಾಡಿ ಮಲಗಿ ಕೆಮ್ಮುತ್ತಿದ್ದ. ಹಿತ್ತಲಿಂದ ಹಿತ್ತಲಿಗೆ ಅವಳಿಗಿಂತ ಮುಂಚೆ ಓಡಿ ಓಡಿ ಬಂದ ಕೆಮ್ಮು ಅದು, ನಟನೆಯೇನೂ ಅಲ್ಲ. ಒಂದು ಮನೆಗೆ ಒಂದು ಹಿಡಿ ಧಾನ್ಯ ಅವನ ಕೂಲಿ. ಗಲ್ಲಿಯಲ್ಲಿ ಒಬ್ಬರಿಗೊಬ್ಬರು ಕಡ ಕೊಡುವ ವಸ್ತು ಅಂತ ಉಳಿದಿದ್ದು ಅವನೊಬ್ಬನೇ.

ಮೂರು ಮನೆಯಲ್ಲೂ ಅವನು ಎಡಗಣ್ಣು ಮುಚ್ಚಿ ಅವಳನ್ನು ನೋಡಿದ. ಮೂರು ಮನೆಯಲ್ಲೂ ಅವಳು ತಲೆ ತಗ್ಗಿಸಿ ‘ಕಣ್ಣಾರೆ ಕಂಡಿದೆ’ ಎಂದು ಬರೆದಳು. ಅವನ ಕೋಣೆಗೆ ಬಂದರೆ ಬೀಗ. ಅದಕ್ಕೂ ಗೀಟು ಹಾಕಿದಳು. ಒಬ್ಬ ಮುದುಕ, ನಾಲ್ಕು ಗೀಟು.

ಅವಳ ಬಾಯಿ ಕಟ್ಟಿದ್ದು ಕರುಣೆಯೊಂದೇ ಅಲ್ಲ ಎಂಬುದನ್ನು ಹೇಳಿಬಿಡಬೇಕು. ಅವಳ ಮನೆಯ ಚೀಟಿಯಲ್ಲಿ ಐದು ತಲೆ, ಅವಳು, ಗಂಡ, ಮಗಳು, ಅತ್ತೆ, ಮಾವ. ಮಾವ ಐದು ತಿಂಗಳ ಹಿಂದೆ ಪಕ್ಕದೂರಿನಲ್ಲಿ, ನಾದಿನಿಯ ಮನೆಯಲ್ಲಿ ತೀರಿಕೊಂಡಿದ್ದರು. ಎಲ್ಲ ಮುಗಿಸಿ ಅತ್ತೆ ಒಬ್ಬರೇ ತಿರುಗಿ ಬಂದರು. ಬಂದವರು ಅಳಲಿಲ್ಲ. ಮಾವನ ಚಪ್ಪಲಿಯನ್ನು ಚೀಲದಿಂದ ತೆಗೆದು, ಒರೆಸಿ, ಬಾಗಿಲ ಬಳಿ ಜೋಡಿಸಿಟ್ಟರು. ಯಾರಾದರೂ ವಿಚಾರಿಸಿದರೆ ಈಗ ಪರವಾಗಿಲ್ಲ, ಒಳಗೆ ಮಲಗಿದಾರೆ ಅನ್ನುತ್ತಿದ್ದರು. ಎರಡನೇ ಸಲ ಯಾರೂ ವಿಚಾರಿಸಲಿಲ್ಲ. ಆರು ವರ್ಷದ ಮಗಳ ಪಕ್ಕೆಲುಬು ಎಣಿಸುವ ಹಾಗಾಗಿತ್ತು, ಮಾವನ ಡಬ್ಬಿ ಸೀದಾ ಅವಳ ತಟ್ಟೆಗೆ ಹೋಗುತ್ತಿತ್ತು. ಅತ್ತೆ ಮಾತ್ರ ಮಾತಿನ ನಡುವೆ ಅವರು ತಿಂದ್ರಾ, ಅವರಿಗೆ ಇಟ್ಟಿದೀಯಾ ಅಂತ ಕೇಳುತ್ತಿದ್ದರು. ಯಾವುದು ಹೊರಗಿನವರಿಗಾಗಿ ಆಡಿದ ಮಾತು, ಯಾವುದು ನಿಜವಾಗಿ ಕೇಳಿದ್ದು ಎಂದು ಸೊಸೆಗೆ ಬರಬರುತ್ತಾ ತಿಳಿಯದಾಯಿತು. ಖಾಲಿ ಮಂಚದ ಪಕ್ಕದಲ್ಲಿ ಹಾದುಹೋಗುವಾಗ ಅವಳೂ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಹೀಗಿರುವಾಗ ಕಚೇರಿಯ ಸಾಹೇಬರು ಒಂದು ದಿನ ಎಣಿಕೆಯವರನ್ನೆಲ್ಲ ನಿಲ್ಲಿಸಿ ಹೇಳಿದರು. ಬೇರೆ ವಲಯದಿಂದ ತನಿಖೆಯವರು ಬರುತ್ತಾರೆ, ಗೀಟು ಹಾಕಿದ ತಲೆಯನ್ನೆಲ್ಲ ಮತ್ತೊಮ್ಮೆ ನೋಡುತ್ತಾರೆ, ಎಣಿಸುವವರ ಮನೆಯನ್ನು ತಪ್ಪದೆ ನೋಡುತ್ತಾರೆ. ಸುಳ್ಳು ಗೀಟು ಸಿಕ್ಕರೆ ಕೆಲಸವೂ ಹೋಯಿತು, ಇಡೀ ಮನೆಯ ಚೀಟಿಯೂ ಹೋಯಿತು. ಪಕ್ಕದ ವಲಯದಲ್ಲಿ ಆಗಲೇ ಒಬ್ಬಳದು ಹರಿದು ಹಾಕಿದ್ದಾರಂತೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಬರೀ ಗಾದೆಯಲ್ಲ. ಅವತ್ತು ಕೋಣೆಯಲ್ಲಿದ್ದ ಆರು ಜನರೂ ಆರು ದಿಕ್ಕಿಗೆ ನೋಡಿದರು. ಎಣಿಕೆಯಕ್ಕನಿಗೆ ಮಗಳ ತಟ್ಟೆ ಕಣ್ಣ ಮುಂದೆ ಬಂತು. ಮಧ್ಯಾಹ್ನ ಎಲ್ಲರೂ ಊಟದ ಹೆಸರಿನಲ್ಲಿ ನೀರು ಕುಡಿಯಲು ಹೋದಾಗ ರಿಜಿಸ್ಟರು ತೆಗೆದು ಕೂತಳು. ಹೊಲಿಗೆಯಮ್ಮನ ಅಪ್ಪ, ಬೇಕರಿಯವನ ಚಿಕ್ಕಪ್ಪ, ಕಂಡಕ್ಟರನ ಮಾವ, ಮೂವರಿಗೂ ‘ವಾಸವಿಲ್ಲ’ ಎಂದು ಬರೆದಳು. ಹೆದರಿದ ಕೈ ಅಲ್ಲಿಗೆ ನಿಲ್ಲಲಿಲ್ಲ. ನಲವತ್ತೊಂದಕ್ಕೆ ಬಂದಿತು. ಹೋದಾಗಲೆಲ್ಲ ಬೀಗ, ಅಲ್ಲವೇ? ಕಾನೂನಿನ ಪ್ರಕಾರ ಅವನ ಕೋಣೆಯಲ್ಲಿ ಅವನನ್ನು ಅವಳು ನೋಡಿಯೇ ಇರಲಿಲ್ಲ. ಅದಕ್ಕೂ ‘ವಾಸವಿಲ್ಲ’ ಎಂದು ಬರೆದಳು. ಇಡೀ ರಿಜಿಸ್ಟರಿನಲ್ಲಿ ಅವಳು ಮುಟ್ಟದೆ ಬಿಟ್ಟ ಸುಳ್ಳು ತನ್ನ ಮನೆಯದೊಂದೇ.

ಮಂಗಳವಾರ ಮೂರು ಮನೆಗಳಿಗೆ ಒಂದೊಂದು ಡಬ್ಬಿ ಕಡಿಮೆ ಬಿತ್ತು. ಮೇಲಿಂದ ಹೆಸರು ಹೊಡೆದುಹಾಕಿದ್ದಾರೆ, ನನ್ನ ಕೈಲೇನಿದೆ ಎಂದು ಎಣಿಕೆಯಕ್ಕ ಹೇಳಿದಳು. ಮೇಲಿನವರಿಗೆ ಹೇಳಿಕೊಟ್ಟವರು ಯಾರು? ಸಂಜೆಯೊಳಗೆ ಗಲ್ಲಿಯೇ ತೀರ್ಮಾನ ಮಾಡಿತು. ಮೂರು ಮನೆಯ ಗುಟ್ಟೂ ಗೊತ್ತಿದ್ದವನು ಒಬ್ಬನೇ. ಹಿಂದಿನ ತಿಂಗಳು ಬೇಕರಿಯವನು ಹಿಡಿ ಧಾನ್ಯಕ್ಕೆ ಅರ್ಧ ಹಿಡಿ ಕೊಟ್ಟಿದ್ದನಂತೆ, ಅದೇ ಸಿಟ್ಟಿಗೆ ಮುದುಕ ಹೋಗಿ ಊದಿದ್ದಾನೆ. ಉಂಡ ಮನೆಗೆ ಎರಡು ಬಗೆಯುವವನು ಎಂದು ಹೊಲಿಗೆಯಮ್ಮ ನಡುಬೀದಿಯಲ್ಲಿ ನಿಂತು ಹೇಳಿದಳು. ಎಣಿಕೆಯಕ್ಕ ಪಕ್ಕದಲ್ಲೇ ನಲ್ಲಿಗೆ ಕೊಡ ಹಿಡಿದಿದ್ದಳು. ಕೊಡ ತುಂಬಿ ನೀರು ಕಾಲ ಮೇಲೆ ಹರಿಯುತ್ತಿದ್ದರೂ ಬಗ್ಗಿಯೇ ಇದ್ದಳು. ಅಲ್ಲ, ನಾನು ಅನ್ನುವ ಎರಡು ಮಾತು ಬಾಯಿಯವರೆಗೆ ಬಂದು ಒಳಗೇ ಹೋಯಿತು.

ಗಡಿಯಾರದಜ್ಜ ಅವತ್ತೇ ಚೀಲ ಹಿಡಿದು ಕಿಟಕಿಗೆ ಬಂದಿದ್ದ. ನಲವತ್ತೊಂದು ಕರೆಯಲಿಲ್ಲವಲ್ಲಮ್ಮ ಅಂದ. ವಾಸವಿಲ್ಲ ಅಂತ ಬಂದಿದೆ ಅಜ್ಜ, ಇಬ್ಬರು ನೆರೆಯವರಿಂದ ಸಹಿ ಹಾಕಿಸಿಕೊಂಡು ಬನ್ನಿ ಎಂದು ಅವಳು ಕಾಗದ ಕೊಟ್ಟಳು. ಅಷ್ಟೇ ತಾನೇ, ಇಡೀ ಗಲ್ಲಿಗೇ ನಾನು ಗೊತ್ತು ಎಂದು ನಗುತ್ತಾ ಹೋದ. ಎರಡನೇ ವಾರ ಬಂದಾಗ ಕಾಗದ ಖಾಲಿ. ಯಾರೂ ಬಾಗಿಲು ತೆರೆದಿರಲಿಲ್ಲ. ಸಿಟ್ಟು ಒಂದು ಕಡೆ ಇರಲಿ, ಸಹಿ ಹಾಕುವುದಾದರೂ ಹೇಗೆ? ಇವನು ಗಡಿಯಾರದವನು ಎಂದು ಬರೆದುಕೊಟ್ಟರೆ ಹಾಗಾದರೆ ಆವತ್ತು ನಿಮ್ಮ ಮನೆಯಲ್ಲಿ ಕಂಬಳಿ ಹೊದ್ದವನು ಯಾರು ಎಂಬ ಪ್ರಶ್ನೆ ಬರುತ್ತದೆ. ನಲವತ್ತು ವರ್ಷ ಒಂದೇ ಗಲ್ಲಿಯಲ್ಲಿ ಬದುಕಿದವನನ್ನು ಗುರುತಿಸುವ ಒಂದು ನರಪಿಳ್ಳೆಯೂ ಆ ಗಲ್ಲಿಯಲ್ಲಿ ಇಲ್ಲವಾಯಿತು. ಮೂರನೇ ವಾರ ಅವನು ಸಾಲಿನಲ್ಲಿ ನಿಲ್ಲಲಾರದೆ ಗೋಡೆಗೆ ಒರಗಿ ಕೂತುಕೊಂಡೇ ಮುಂದೆ ಮುಂದೆ ಸರಿದು ಬಂದ.

ನಾಲ್ಕನೇ ವಾರ ಅವನು ಕಿಟಕಿಯ ಕಂಬಿಗೆ ಹಣೆ ಆನಿಸಿ, ಅವಳಿಗೊಬ್ಬಳಿಗೇ ಕೇಳುವ ಹಾಗೆ ಹೇಳಿದ.

“ನನ್ನನ್ನ ನೀನು ನೋಡಿದೀಯಲ್ಲ ಮಗಳೇ. ಮೂರು ಮನೇಲಿ, ಮೂರು ಸಲ. ಅಷ್ಟು ಹೇಳಿದ್ರೆ ಸಾಕು.”

ಅವಳ ಬೆನ್ನ ಹಿಂದೆ ಹಲಗೆಯ ಅಡ್ಡಗೋಡೆ, ಅದರಾಚೆ ಸಾಹೇಬರ ಮೇಜು. ಅಲ್ಲಿಂದ ಇಲ್ಲಿಯದು ಕಾಣುವುದಿಲ್ಲ, ಕೇಳುತ್ತದೆ. ಇಷ್ಟು ಹೊತ್ತು ಗೀಚುತ್ತಿದ್ದ ಸಾಹೇಬರ ಪೆನ್ನು ನಿಂತಿತು. ಎಣಿಕೆಯಕ್ಕ ಹಲಗೆಗೆ ಕೇಳುವಷ್ಟು ಗಟ್ಟಿಯಾಗಿ ಉತ್ತರ ಕೊಟ್ಟಳು.

“ನಿಮ್ಮನ್ನ ನಾನು ನೋಡೇ ಇಲ್ಲ. ಮುಂದಿನವರು ಬನ್ನಿ.”

ಅಜ್ಜ ಎಡಗಣ್ಣು ಮುಚ್ಚಿ ಅವಳನ್ನು ನೋಡಿದ. ಎಲ್ಲೋ ಒಂದು ಹಲ್ಲು ಮುರಿದಿದೆ, ಯಾವ ಚಕ್ರದ್ದು ಎಂದು ಹುಡುಕುವವನ ಹಾಗೆ ನೋಡಿದ. ಆಮೇಲೆ ಆಯ್ತಮ್ಮ ಅಂದು ಖಾಲಿ ಚೀಲವನ್ನು ನಾಲ್ಕಾಗಿ ಮಡಿಸಿಕೊಂಡು ಹೋದ. ಬೈದಿದ್ದರೆ ಒಳ್ಳೆಯದಿತ್ತು. ಅವತ್ತು ಅವಳಿಗೆ ಊಟ ಸೇರಲಿಲ್ಲ. ತನ್ನ ಪಾಲನ್ನು ಮಗಳಿಗೆ ಬಡಿಸಿದಳು, ಮಗಳು ತಿಂದಳು, ಇನ್ನೂ ಇದೆಯಾ ಎಂದು ಕೇಳಿದಳು.

ಮಾರನೇ ದಿನವೇ ತನಿಖೆಯವನು ಬಂದ. ತೆಳ್ಳಗಿನ, ಮೆತ್ತಗೆ ಮಾತಾಡುವ ಮನುಷ್ಯ. ಕಚೇರಿಗೆ ಬಂದವನು ನಿಮ್ಮ ಮನೆಯಿಂದಲೇ ಶುರುಮಾಡೋಣ ಎಂದು ಅವಳನ್ನು ಜೊತೆಗೇ ಕರೆದುಕೊಂಡು ಹೊರಟ. ಮನೆಗೆ ಹೇಳಿಕಳಿಸಲು ದಾರಿಯೇ ಇರಲಿಲ್ಲ. ದಾರಿಯುದ್ದಕ್ಕೂ ಅವಳು ಮಾವನನ್ನು ಯಾವ ಆಸ್ಪತ್ರೆಗೆ ಸೇರಿಸಲಿ, ಯಾವ ನೆಂಟರ ಮನೆಗೆ ಕಳಿಸಲಿ ಎಂದು ಲೆಕ್ಕ ಹಾಕಿದಳು. ಈಗಷ್ಟೇ ಹೊರಗೆ ಹೋದ್ರು ಎಂಬ ಮಾತು ಬಾಯಿಗೆ ಬಂದು ಬಂದು ಹೋಗುತ್ತಿತ್ತು. ಮನೆ ಬಂದಿತು. ಹೊಸಿಲು ದಾಟಿ ಒಳಗೆ ಕಾಲಿಟ್ಟರೆ ಮಾವನ ಮಂಚದ ಮೇಲೆ ಮಾವನ ಅಂಗಿ, ಅಂಗಿಯೊಳಗೆ ಒಬ್ಬ ಮನುಷ್ಯ.

ಐದು ತಿಂಗಳ ಸುಳ್ಳು ಕೈಕಾಲು ಮೂಡಿ ಎದ್ದು ಬಂದಿದೆ ಎಂದೇ ಒಂದು ಕ್ಷಣ ಅವಳಿಗೆ ಅನ್ನಿಸಿತು. ಮನುಷ್ಯ ತಲೆ ತಿರುಗಿಸಿದ. ಎಡಗಣ್ಣು ಮುಚ್ಚಿತ್ತು. ಅಡುಗೆಮನೆ ಬಾಗಿಲಲ್ಲಿ ಅತ್ತೆ ಸೊಸೆಯ ಕಡೆ ನೋಡದೆ ನಿಂತಿದ್ದರು. ತನಿಖೆಯವರು ಊರಿಗೆ ಬಂದಿದ್ದಾರೆ ಅನ್ನುವ ಸುದ್ದಿ ಕಿವಿಗೆ ಬಿದ್ದ ಕೂಡಲೇ ಬೆಳಿಗ್ಗೆ ತಾವೇ ಹೋಗಿ, ಒಂದು ಬಟ್ಟಲು ಗಂಜಿಗೆ ಒಪ್ಪಿಸಿ, ಕೈಹಿಡಿದು ನಡೆಸಿಕೊಂಡು ಬಂದಿದ್ದರು. ನಿನ್ನೆ ಕಿಟಕಿಯಲ್ಲಿ ನಡೆದದ್ದು ಅವರಿಗೆ ಗೊತ್ತಿರಲಿಲ್ಲ.

ತನಿಖೆಯವನು ಚೀಟಿ ನೋಡಿ ಇವರು ಯಾರು ಎಂದು ಕೇಳಿದ. ಎಣಿಕೆಯಕ್ಕ ನಮ್ಮ ಮಾವ ಅನ್ನುವ ಎರಡು ಮಾತನ್ನು ಕಿತ್ತು ಹೊರಗೆ ಹಾಕಿದಳು. ಆ ಮನುಷ್ಯ ಪಳಗಿದವನು, ಅಷ್ಟಕ್ಕೆ ಬಿಡಲಿಲ್ಲ. ಮಂಚದ ಹತ್ತಿರ ಬಗ್ಗಿ ಯಜಮಾನರೇ, ಈಯಮ್ಮ ನಿಮಗೆ ಏನಾಗಬೇಕು ಎಂದು ಮುದುಕನನ್ನೇ ಕೇಳಿದ.

ಅಜ್ಜ ಬಲಗಣ್ಣಿನಲ್ಲಿ ಅವಳನ್ನೇ ನೋಡುತ್ತಾ ಉಸಿರೆಳೆದುಕೊಂಡ. ನಾನು ಇವಳನ್ನ ನೋಡೇ ಇಲ್ಲ ಅಂದರೆ ಮುಗಿಯಿತು. ಅವಳೇ ನಿನ್ನೆ ಕಲಿಸಿಕೊಟ್ಟ ಮಾತು. ಕೆಲಸ, ಚೀಟಿ, ಮಗಳ ತಟ್ಟೆ ಎಲ್ಲ ಆ ಮಾತಿಗೆ ತೂಗಿಕೊಂಡಿತ್ತು.

“ಸೊಸೆ,” ಅಂದ ಅಜ್ಜ. “ಮಗಳಿದ್ದ ಹಾಗೆ. ಸುಳ್ಳು ಹೇಳೋಳಲ್ಲ.”

ತನಿಖೆಯವನು ಕೆಂಪು ಗೀಟು ಹಾಕಿ, ‘ಕಣ್ಣಾರೆ ಕಂಡಿದೆ’ ಎಂದು ದುಂಡಗೆ ಬರೆದು, ಬಾಗಿಲ ಬಳಿಯ ಚಪ್ಪಲಿಯನ್ನೂ ಒಮ್ಮೆ ನೋಡಿ ಹೊರಟುಹೋದ.

ಅತ್ತೆ ಗಂಜಿ ತಂದರು. ಅಜ್ಜ ಅರ್ಧ ಬಟ್ಟಲು ಕುಡಿದು ಸಾಕಮ್ಮ, ಹೊಟ್ಟೆ ಸಣ್ಣದಾಗಿದೆ ಎಂದು ಉಳಿದದ್ದನ್ನು ಮಗುವಿನ ಕಡೆ ತಳ್ಳಿದ. ಏಳಲು ನೋಡಿದ, ಆಗಲಿಲ್ಲ. ಇಲ್ಲೇ ಮಲಗಿರಲಿ ಬಿಡು ಅಂದರು ಅತ್ತೆ. ಎಣಿಕೆಯಕ್ಕ ಮಂಚದ ಕಾಲಬಳಿ ಕೂತಳು. ಹೇಳಬೇಕಾದದ್ದು ಬೆಟ್ಟದಷ್ಟಿತ್ತು. ಕೊನೆಗೆ ಮಾತಾಡಿದವನು ಅವನೇ.

“ಗಲ್ಲಿಯವರು ನಾನೇ ಹೋಗಿ ಹೇಳಿದೆ ಅಂದ್ಕೊಂಡಿದಾರೆ. ಅಂದ್ಕೊಳ್ಳಲಿ ಬಿಡು. ನೀನು ಇಲ್ಲೇ ಬಾಳಬೇಕಾದೋಳು.” ಅವಳ ಕಡೆ ತಿರುಗಿ ಕೇಳಿದ. “ನಾಳೆ ನನ್ನ ನಂಬರಿಗೊಂದು ಗೀಟು ಹಾಕಿಬಿಡ್ತೀಯಾ?”

ಅವನಿಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು. ಅವಳು ಸೆರಗು ಬಾಯಿಗೊತ್ತಿಕೊಂಡು ತಲೆಯಾಡಿಸಿದಳು. ರಿಜಿಸ್ಟರು ಕಚೇರಿಯ ಬೀರುವಿನಲ್ಲಿತ್ತು. ಇಲ್ಲದಿದ್ದರೆ ಅಲ್ಲೇ, ಅವನ ಕಣ್ಣೆದುರಿಗೇ ಹಾಕುತ್ತಿದ್ದಳು.

ಬೆಳಿಗ್ಗೆ ಕಚೇರಿಯ ಬಾಗಿಲು ತೆರೆಯುವುದಕ್ಕೆ ಮುಂಚೆಯೇ ಹೋಗಿ ನಿಂತಳು. ಬೀರು ತೆಗೆಸಿ, ನಲವತ್ತೊಂದರ ಮುಂದಿದ್ದ ‘ವಾಸವಿಲ್ಲ’ವನ್ನು ಹೊಡೆದು ಹಾಕಿ, ಪೆನ್ಸಿಲು ಮುರಿಯುವಷ್ಟು ಒತ್ತಿ ಗೀಟು ಹಾಕಿದಳು. ಇಬ್ಬರು ನೆರೆಯವರ ಜಾಗದಲ್ಲಿ ತನ್ನದೊಂದು, ಗಂಡನದೊಂದು ಸಹಿ ಮಾಡಿದಳು. ಸಾಹೇಬರು ಕೇಳಿದರೆ ನಾವೂ ಅದೇ ಗಲ್ಲಿಯವರು, ನೆರೆಯವರಲ್ಲವೇ ಅನ್ನುವುದು. ಇಷ್ಟು ಸುಲಭದ ದಾರಿ ನಾಲ್ಕು ಮಂಗಳವಾರ ಅವಳಿಗೆ ಹೊಳೆದಿರಲಿಲ್ಲ. ಹೊಳೆದಿತ್ತು, ಧೈರ್ಯ ಬಂದಿರಲಿಲ್ಲ. ‘ಕಣ್ಣಾರೆ ಕಂಡಿದೆ’ ಎಂದು ಬರೆದಾಗ ತಿಂಗಳುಗಟ್ಟಲೆ ಬಳಿಕ ಮೊದಲ ಸಲ ಆ ಪುಸ್ತಕದಲ್ಲಿ ಒಂದು ನಿಜ ಬರೆದೆ ಅನ್ನಿಸಿತು. ಹೇಳುವ ಆತುರಕ್ಕೆ ಮಧ್ಯಾಹ್ನ ರಜೆ ಹಾಕಿ ಮನೆಗೆ ಬಂದಳು.

ಮಗು ಹೊಸಿಲ ಮೇಲೆ ಮಾವನ ಚಪ್ಪಲಿಯ ಪಕ್ಕದಲ್ಲಿ ಕೂತಿತ್ತು. ಕರೆದ್ರೂ ಏಳ್ತಿಲ್ಲ ಅಂದಿತು. ನಿನ್ನೆ ಇವರನ್ನ ಅಜ್ಜ ಅಂತ ಕರಿ ಎಂದು ಅತ್ತೆ ಹೇಳಿಕೊಟ್ಟಿದ್ದರು. ಈಗ ಅದು ತಾಯಿಯ ಮುಖ ನೋಡಿ ಕೇಳಿತು.

“ಅಮ್ಮಾ, ಅಜ್ಜ ಎಷ್ಟು ಸಲ ಸಾಯ್ತಾರೆ?”

ಒಳಗೆ ಅತ್ತೆ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದರು. ಸೊಸೆ ಬಂದದ್ದು ಕಂಡು ಬಾಗಿಲು ಹಾಕು ಅಂದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇವನು ಗಡಿಯಾರದಜ್ಜ ಎಂದರೆ ನಿನ್ನೆ ತನಿಖೆಯವನು ಕಂಡದ್ದು ಯಾರನ್ನು? ಅತ್ತ ದರಿ, ಇತ್ತ ಪುಲಿ. ಅತ್ತೆ ಹೆಚ್ಚು ಹೊತ್ತು ಯೋಚಿಸಲಿಲ್ಲ. ಮಂಚದ ಪಟ್ಟಿಗೆ ಹಣೆ ಆನಿಸಿ, ಗಲ್ಲಿಗೆಲ್ಲ ಕೇಳುವ ಹಾಗೆ, ಗಂಡನನ್ನು ಕರೆದು ಅತ್ತರು. ಮೊದಲ ಎರಡು ಕೂಗು ನಾಟಕದ್ದೇ ಇರಬೇಕು. ಮೂರನೆಯದು ಹೊಟ್ಟೆಯಿಂದ ಬಂತು. ಐದು ತಿಂಗಳು ಚಪ್ಪಲಿ ಒರೆಸಿ ಒರೆಸಿ ತಡೆದಿಟ್ಟದ್ದೆಲ್ಲ ಕಟ್ಟೆ ಒಡೆದು ಬಂತು. ನನಗೊಂದು ಮಾತೂ ಹೇಳದೆ ಹೋದ್ರಲ್ಲ, ನಿಮಗೆ ಅಳೋಕೂ ನನಗೆ ಪುರುಸೊತ್ತು ಸಿಗಲಿಲ್ಲವಲ್ಲ ಎಂದು ಆ ಪರಕೀಯ ಹೆಣದ ಎದೆಗೆ ಬಡಿದು ಅತ್ತರು. ಎಣಿಕೆಯಕ್ಕನೂ ಕುಸಿದು ಅತ್ತಳು. ಅವಳು ಅತ್ತದ್ದು ಮಾತ್ರ ಮಂಚದ ಮೇಲಿದ್ದವನಿಗಾಗಿಯೇ.

ಗಲ್ಲಿಯವರು ಬಂದರು. ಬಾಗಿಲು ತಟ್ಟದೆ ಒಬ್ಬರ ಮನೆಗೆ ಒಬ್ಬರು ಬಂದು ವರ್ಷದ ಮೇಲಾಗಿತ್ತು. ಹೊಲಿಗೆಯಮ್ಮ ಹತ್ತಿರ ಬಂದು ಬಗ್ಗಿ ಮುಖ ನೋಡಿದಳು. ತನ್ನ ಕಂಬಳಿಯೊಳಗೆ ಮಲಗಿ ತನ್ನ ಅಪ್ಪನಾಗಿದ್ದ ಮುಖ. ಉಂಡ ಮನೆಗೆ ಎರಡು ಬಗೆದವನು ಎಂದು ತಾನು ಬೈದ ಮುಖ. ಅವಳ ಕಣ್ಣು ಎಣಿಕೆಯಕ್ಕನ ಕಡೆ ತಿರುಗಿತು, ಬಹಳ ಹೊತ್ತು ಅಲ್ಲೇ ನಿಂತಿತು. ಇಲ್ಲೂ ಅದೇ ನಾಟಕ ನಡೆದಿದೆ, ಮೂರು ಹೆಸರು ಹೊಡೆದವಳು ಇವಳೇ ಎಂಬುದು ಅವಳಿಗೆ ಆಗ ತಿಳಿಯಿತು ಎಂದು ಎಣಿಕೆಯಕ್ಕನಿಗೂ ತಿಳಿಯಿತು. ಹೊಲಿಗೆಯಮ್ಮ ನಿಮ್ಮ ಮಾವ ಒಳ್ಳೆಯವರಿದ್ರು ಎಂದಷ್ಟೇ ಹೇಳಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಬೇಕರಿಯವನು ಬಾಗಿಲಲ್ಲೇ ನಿಂತು ಹೌದು ಹೌದು ಅಂದ. ಅವನ ಬಾಯಿಂದ ತಮಾಷೆ ಹೊರಡದೆ ಹೋದದ್ದು ಅದೇ ಮೊದಲು.

ಹೆಣ ನೋಡಿದ ಇಬ್ಬರು ನೆರೆಯವರಾಗಿ ಸಹಿ ಹಾಕಿದವರು ಅವರಿಬ್ಬರೇ. ಮಾವನ ಹೆಸರಿನಲ್ಲಿ ಮಣ್ಣಾಯಿತು. ಮಾವನ ಡಬ್ಬಿ ನಿಂತಿತು. ಅಷ್ಟೆಲ್ಲ ಮಾಡಿ ಉಳಿಸಿಕೊಂಡ ಆ ಡಬ್ಬಿ ಒಂದು ಮಂಗಳವಾರವನ್ನೂ ಕಾಣಲಿಲ್ಲ.

ಉಳಿದದ್ದು ನಲವತ್ತೊಂದು. ಗೀಟು ಬಿದ್ದ ತಲೆ, ಇಬ್ಬರ ಸಹಿಯುಳ್ಳ ತಲೆ, ಕಾಗದದಲ್ಲಿ ಗಟ್ಟಿಮುಟ್ಟಾಗಿ ಬದುಕಿರುವ ತಲೆ. ಸತ್ತ ಎಂದು ತೆಗೆಯೋಣವೆಂದರೆ ಹೆಣ ನೋಡಿದವರು ಬೇಕು. ನೋಡಿದವರೆಲ್ಲ ಅದನ್ನು ಮಾವನದು ಎಂದು ಬರೆದುಕೊಟ್ಟಾಗಿತ್ತು. ಬೀಗ ಹಾಕಿದ ಕೋಣೆಯ ಮುಂದೆ ನಿಂತು ‘ವಾಸವಿಲ್ಲ’ ಎಂದು ಬರೆದರೆ ಮುಗಿಯುತ್ತಿತ್ತು, ಒಂದು ನಿಮಿಷದ ಕೆಲಸ. ತಿಂಗಳ ಮೊದಲ ವಾರ ಎಣಿಕೆಯಕ್ಕ ಅಲ್ಲಿ ಹೋಗಿ ನಿಲ್ಲುತ್ತಾಳೆ. ಪೆನ್ಸಿಲು ತೆಗೆಯುತ್ತಾಳೆ. ಆ ಶಬ್ದವನ್ನು ಅವನ ಹೆಸರಿನ ಮುಂದೆ ಎರಡನೇ ಸಲ ಬರೆಯಲು ಕೈ ಏಳುವುದಿಲ್ಲ. ಗೀಟು ಹಾಕಿ ಬರುತ್ತಾಳೆ.

ಹಾಗಾಗಿ ಮಂಗಳವಾರ ಕಿಟಕಿಯಲ್ಲಿ ನಲವತ್ತೊಂದನ್ನು ಕರೆಯಲೇಬೇಕು. ಮೂರು ಸಲ ಕರೆಯಬೇಕು, ಅದು ಕ್ರಮ. ಕರೆದು, ಒಂದು ಡಬ್ಬಿ ಅಳೆದು, ಚೀಲಕ್ಕೆ ಹಾಕಿ ಕಟ್ಟೆಯ ಮೇಲೆ ಇಡುತ್ತಾಳೆ. ಸಾಲು ಅದನ್ನು ದಾಟಿ ಹೋಗುತ್ತದೆ. ಹೊಟ್ಟೆ ಬೆನ್ನಿಗೆ ಹತ್ತಿದ ಜನ, ಒಂದು ಕಾಳು ಬಿದ್ದರೆ ಬಗ್ಗಿ ಹೆಕ್ಕುವ ಜನ, ಆ ಚೀಲಕ್ಕೆ ಕೈ ತಾಗದ ಹಾಗೆ ಪಕ್ಕಕ್ಕೆ ಸರಿದು ನಡೆಯುತ್ತಾರೆ. ಸಾಲಿನ ತುದಿಯಲ್ಲಿ ಗೋಡೆಗೆ ಒರಗಿ ಯಾರೋ ಕೂತಂತೆ, ಒಂದು ಕಣ್ಣು ಮುಚ್ಚಿ ನೋಡಿದಂತೆ ಅವಳಿಗೆ ಆಗುತ್ತದೆ. ಅವಳು ಅತ್ತ ನೋಡುವುದಿಲ್ಲ. ಸಂಜೆ ಚೀಲವನ್ನು ಕಣಜಕ್ಕೆ ಸುರಿದು ಬಾಯಿ ಮುಚ್ಚುತ್ತಾಳೆ.

ಮೊನ್ನೆ ಮಂಗಳವಾರ ಮೂರನೇ ಸಲ ಕರೆದಾಗ ಹಲಗೆಯಾಚೆ ಪೆನ್ನು ನಿಂತಿತು. ಸಾಹೇಬರು ಎದ್ದೇ ಬಂದರು. ತಿಂಗಳುಗಟ್ಟಲೆಯಿಂದ ಧಾನ್ಯ ಒಯ್ಯದ ಮನುಷ್ಯ ಇವನ್ಯಾರು ಎಂದು ಸಾಲನ್ನೇ ಕೇಳಿದರು. ಕೊನೆಗೆ ಹೊಲಿಗೆಯಮ್ಮ ಚೀಲ ಎದೆಗೊತ್ತಿಕೊಂಡು, ನೆಲ ನೋಡುತ್ತಾ ಹೇಳಿದಳು.

“ಇದಾರೆ ಸಾರ್. ಈಗಷ್ಟೇ ಹೊರಗೆ ಹೋದ್ರು.”

ಸಾಹೇಬರು ರಿಜಿಸ್ಟರನ್ನು ಎಳೆದುಕೊಂಡು ಗೀಟಿನ ಮೇಲೆ ಬೆರಳಿಟ್ಟರು. ನೀನು ಈತನನ್ನು ನಿಜವಾಗಿ ನೋಡಿದೀಯೇನಮ್ಮ ಎಂದು ಎಣಿಕೆಯಕ್ಕನನ್ನು ಕೇಳಿದರು.

“ನೋಡಿದೀನಿ ಸಾರ್,” ಅಂದಳು. “ಮೂರು ಮನೇಲಿ ನೋಡಿದೀನಿ. ನಮ್ಮನೇಲೂ ನೋಡಿದೀನಿ.”

ಸಾಲಿನಲ್ಲಿದ್ದವರೆಲ್ಲ ತಲೆ ಎತ್ತಿದರು. ಸಾಹೇಬರು ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲೇ ಕೂತರು, ಮೊದಲಿನಿಂದ ಹೇಳು ಅಂದರು. ಎಣಿಕೆಯಕ್ಕ ಕೆಂಪು ಪೆನ್ಸಿಲನ್ನು ಮೇಜಿನ ಮೇಲಿಟ್ಟಳು.